ಹ್ಯೂಸ್ಟನ್ನಿನ ವಲಸೆ ಹುಡುಗರು

ಜೂನ್ ತಿಂಗಳು ನನ್ನ ಮಟ್ಟಿಗೆ ಬಿಡುವಿನ ಕಾಲ. ಮುಂಬೈಯಲ್ಲಿ ಮಳೆ ಹಿಡಿದಿರುತ್ತದೆ, ಲೋಕಲ್ ಗಾಡಿಗಳು ತಡವಾಗುತ್ತವೆ. ಆದರೆ ಬೆಳಗಿನ ಜಾವ ಎದ್ದು ಫೋನ್ ಹಿಡಿದು ಕೂರುವ ಕೆಲಸವೊಂದು ತಪ್ಪಿರುತ್ತದೆ. ನವೆಂಬರಿನಿಂದ ಏಪ್ರಿಲ್ ಮೊದಲ ವಾರದವರೆಗೆ ಅಮೆರಿಕದಲ್ಲಿ ಕಾಲೇಜು ಬಾಸ್ಕೆಟ್‌ಬಾಲ್ ನಡೆಯುತ್ತದೆ. ಅಲ್ಲಿ ಸಂಜೆ ಏಳು ಗಂಟೆ ಎಂದರೆ ನಮಗೆ ಮರುದಿನದ ಬೆಳಗ್ಗೆ ಆರೂವರೆ. ಪಂದ್ಯದ ಮೊದಲ ಅರ್ಧ ಮನೆಯಲ್ಲಿ ಚಹಾ ಕುಡಿಯುತ್ತ, ಎರಡನೇ ಅರ್ಧ ಡೊಂಬಿವಲಿಯಿಂದ ಹೊರಟ ಗಾಡಿಯಲ್ಲಿ ನಿಂತು. ನಾನು ನೋಡುವುದು ಹೆಚ್ಚಾಗಿ ಆಟವನ್ನಲ್ಲ, ಫೋನಿನಲ್ಲಿ ಏರುವ ಅಂಕವನ್ನು. ಪಕ್ಕದಲ್ಲಿ ನಿಂತವರು ಶೇರು ಪೇಟೆ ಎಂದುಕೊಳ್ಳುತ್ತಾರೆ. ಪೇಟೆ ತೆರೆಯುವುದಕ್ಕೆ ಇನ್ನೂ ಎರಡು ತಾಸಿದೆಯಲ್ಲ ಎಂದು ಯಾರೂ ಕೇಳಿಲ್ಲ.

ನನ್ನ ತಂಡ ಹ್ಯೂಸ್ಟನ್ ವಿಶ್ವವಿದ್ಯಾಲಯದ್ದು. ಕಾರಣ ನಿಮ್ಮಲ್ಲಿ ಅನೇಕರಿಗೆ ಹೇಳದೆಯೂ ಅರ್ಥವಾಗುತ್ತದೆ. ಮಗಳು ಅಲ್ಲಿ ಎಂ.ಎಸ್. ಓದಿದಳು. ಮೊದಲ ಚಳಿಗಾಲದಲ್ಲಿ ದಿನಾ ಫೋನ್ ಮಾಡಿದರೂ "ಊಟ ಆಯ್ತಾ, ಓದು ಹೇಗಿದೆ" ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಒಂದು ದಿನ ಅವಳು "ಅಪ್ಪ, ಇವತ್ತು ನಮ್ಮ ಹುಡುಗರು ಗೆದ್ರು" ಎಂದಳು. ಯಾವ ಹುಡುಗರು ಎಂದು ಕೇಳಿದೆ. ಮಾತು ಅರ್ಧ ಗಂಟೆ ನಡೆಯಿತು. ಆಮೇಲೆ ಅವಳು ಓದು ಮುಗಿಸಿ ಬೇರೆ ಊರಿಗೆ ಕೆಲಸಕ್ಕೆ ಹೋದಳು. ಅವಳು ಹ್ಯೂಸ್ಟನ್ ಬಿಟ್ಟಳು, ನಾನು ಬಿಡಲಿಲ್ಲ.

ಈ ಆಟದ ವರ್ಷ ಹೇಗೆ ಸಾಗುತ್ತದೆಂದು ಮೊದಲು ಹೇಳಿಬಿಡುತ್ತೇನೆ. ಪಂದ್ಯ 40 ನಿಮಿಷದ್ದು, 20 ನಿಮಿಷದ ಎರಡು ಅರ್ಧಗಳು. ನವೆಂಬರ್, ಡಿಸೆಂಬರಿನಲ್ಲಿ ತಂಡಗಳು ದೂರದೂರದ ಎದುರಾಳಿಗಳನ್ನು ಹುಡುಕಿಕೊಂಡು ಹೋಗಿ ಆಡುತ್ತವೆ. ಜನವರಿ, ಫೆಬ್ರವರಿಯಲ್ಲಿ ತಮ್ಮ ತಮ್ಮ ಕಾನ್ಫರೆನ್ಸ್ ಒಳಗಿನ ಪಂದ್ಯಗಳು. ಹ್ಯೂಸ್ಟನ್ ಇರುವುದು ಬಿಗ್ 12 ಎಂಬ ಕಾನ್ಫರೆನ್ಸಿನಲ್ಲಿ. ಮಾರ್ಚ್ ನಡುವಿನ ಒಂದು ಭಾನುವಾರ ಒಟ್ಟು 68 ತಂಡಗಳ ಹೆಸರು ಪ್ರಕಟವಾಗುತ್ತದೆ. ಅಲ್ಲಿಂದ ಮುಂದೆ ನಾಕ್‌ಔಟ್. ಸೋತವರು ಅಂದೇ ಮನೆಗೆ. ನಾಲ್ಕು ತಿಂಗಳು ಗೆಲ್ಲುತ್ತ ಬಂದ ತಂಡ ಒಂದು ಕೆಟ್ಟ ಸಂಜೆಗೆ ಮುಗಿದುಹೋಗಬಹುದು. ಕೊನೆಯ ವರ್ಷದ ಹುಡುಗರಿಗೆ ಆ ಸೋಲೇ ಕಾಲೇಜಿನ ಕೊನೆಯ ಆಟ.

2024-25ರ ಋತು ಹ್ಯೂಸ್ಟನ್ನಿಗೆ ಎಡವುತ್ತಲೇ ಶುರುವಾಯಿತು. ಮೊದಲ ಏಳು ಪಂದ್ಯಗಳಲ್ಲಿ ಮೂರು ಸೋಲು. ಆಬರ್ನ್ ವಿರುದ್ಧ 5 ಅಂಕ, ಅಲಬಾಮಾ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ 5, ಸ್ಯಾನ್ ಡಿಯೇಗೊ ಸ್ಟೇಟ್ ವಿರುದ್ಧ ಮತ್ತೆ ಹೆಚ್ಚುವರಿ ಅವಧಿಯಲ್ಲಿ 3. ಆಮೇಲೆ ಸತತ 13 ಗೆಲುವು. ಫೆಬ್ರವರಿ 1ರಂದು ಟೆಕ್ಸಸ್ ಟೆಕ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ಒಂದೇ ಒಂದು ಅಂಕದ ಸೋಲು. ಮತ್ತೆ ಸತತ 18 ಗೆಲುವು. ಬಿಗ್ 12ರ ಲೀಗ್ ಹಂತದಲ್ಲಿ 20 ಪಂದ್ಯಗಳಿಗೆ 19 ಗೆದ್ದು ಮೊದಲ ಸ್ಥಾನ.

ಈ ತಂಡದ ಆಟ ಕಣ್ಣಿಗೆ ಹಬ್ಬವಲ್ಲ. ಗಾಳಿಯಲ್ಲಿ ತೇಲಿ ಡಂಕ್ ಮಾಡುವ ಚೆಂದಕ್ಕಿಂತ ಎದುರಾಳಿಗೆ ಉಸಿರಾಡಲು ಬಿಡದ ಹಟ ಹೆಚ್ಚು. ಕೋಚ್ ಕೆಲ್ವಿನ್ ಸ್ಯಾಂಪ್ಸನ್ ಅಭ್ಯಾಸದ ವೇಳೆ ಬುಟ್ಟಿಯ ರಿಂಗಿನ ಮೇಲೆ ಮುಚ್ಚಳ ಇಡಿಸುತ್ತಾರೆ. ಎಸೆದ ಚೆಂಡೆಲ್ಲ ಹೊರಗೇ ಪುಟಿಯಬೇಕು, ಹುಡುಗರು ರೀಬೌಂಡಿಗಾಗಿ ಹೋರಾಡಬೇಕು. ಇನ್ನೊಂದು ಅಭ್ಯಾಸದಲ್ಲಿ ಚೆಂಡನ್ನು ನೆಲದ ಮೇಲೆ ಉರುಳಿಸಲಾಗುತ್ತದೆ, ಇಬ್ಬರು ಅದರ ಮೇಲೆ ಬೀಳಬೇಕು. ಯಾರ ಕೈಯಲ್ಲೂ ಇಲ್ಲದ ಚೆಂಡು ನಮ್ಮದೇ ಎಂಬುದು ಈ ತಂಡದ ಮೊದಲ ಪಾಠ. ಇದನ್ನು ನೆನಪಿನಲ್ಲಿಡಿ.

ಆ ಋತುವಿನ ಅತ್ಯುತ್ತಮ ಬೆಳಗು ನಮ್ಮ ಗಣರಾಜ್ಯೋತ್ಸವದ ದಿನ ಬಂತು. ಹ್ಯೂಸ್ಟನ್ ಅಂದು ಕಾನ್ಸಾಸ್ ತಂಡದ ಅಂಗಳದಲ್ಲಿ ಆಡಿತು. ಬಾಸ್ಕೆಟ್‌ಬಾಲ್ ಪಾಲಿಗೆ ಕಾನ್ಸಾಸ್ ಒಂದು ಮೂಲಸ್ಥಾನ. 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಪೀಚ್ ಹಣ್ಣಿನ ಬುಟ್ಟಿಗಳನ್ನು ಕಟ್ಟಿ ಈ ಆಟ ಹುಟ್ಟಿಸಿದ ಜೇಮ್ಸ್ ನೈಸ್ಮಿತ್, ಮುಂದೆ ಕಾನ್ಸಾಸಿಗೆ ಹೋಗಿ ಅಲ್ಲಿಯ ಮೊದಲ ಕೋಚ್ ಆದರು. ಅವರೂ ಕೆನಡಾದಿಂದ ವಲಸೆ ಬಂದವರೇ. ಆಟವನ್ನು ನಮ್ಮ ಊರುಗಳಿಗೆ ತಂದದ್ದು ವೈಎಂಸಿಎ. ನಮ್ಮ ನಾಗಪಾಡಾದ ವೈಎಂಸಿಎ ಕೋರ್ಟಿನ ಪಕ್ಕ ಸಂಜೆ ಹಾದುಹೋದವರಿಗೆ ಆ ಸದ್ದು ಗೊತ್ತು.

ಕಾನ್ಸಾಸಿನಲ್ಲಿ ಮೊದಲ ಹೆಚ್ಚುವರಿ ಅವಧಿ ಮುಗಿಯಲು 20 ಸೆಕೆಂಡೂ ಇಲ್ಲದಾಗ ಹ್ಯೂಸ್ಟನ್ 6 ಅಂಕ ಹಿಂದಿತ್ತು. ಇಂಥ ಹೊತ್ತಿನಲ್ಲಿ ಯಾರಾದರೂ ಫೋನ್ ಕೆಳಗಿಟ್ಟು ಹಲ್ಲುಜ್ಜಲು ಹೋಗುತ್ತಾರೆ. ಅಷ್ಟರಲ್ಲಿ ಅಂಕ ಸಮವಾಯಿತು. ಮೈಲಿಕ್ ವಿಲ್ಸನ್ ಎಂಬ ಹುಡುಗ ಚೆಂಡು ಕಸಿದು ಮೂರಂಕದ ಹೊಡೆತ ಹಾಕಿದ್ದ. ಎರಡನೇ ಹೆಚ್ಚುವರಿ ಅವಧಿಯಲ್ಲಿ ಹ್ಯೂಸ್ಟನ್ 92-86ರಿಂದ ಗೆದ್ದಿತು. ಹೆಂಡತಿ ಒಳಗಿನಿಂದ "ಪರೇಡ್ ಶುರುವಾಯ್ತಾ?" ಎಂದು ಕೇಳಿದಳು. ನನ್ನ ಪಾಲಿಗೆ ಮುಗಿದಿತ್ತು.

ಮಾರ್ಚ್ ಬಂತು. ಮೊದಲ ಪಂದ್ಯ ಸುಲಭ. ಎರಡನೆಯದರಲ್ಲಿ ಗೊಂಜಾಗಾ ವಿರುದ್ಧ 81-76. ಮೂರನೆಯದು ಇಂಡಿಯಾನಾಪೊಲಿಸ್‌ನಲ್ಲಿ ಪರ್ಡ್ಯೂ ವಿರುದ್ಧ. ಆ ರಾಜ್ಯವೇ ಪರ್ಡ್ಯೂವಿನದ್ದು, ಆದ್ದರಿಂದ ಕ್ರೀಡಾಂಗಣದಲ್ಲಿ ಜನ ಅವರ ಕಡೆಯವರೇ. 60-60 ಇದ್ದಾಗ, ಒಂದು ಸೆಕೆಂಡಿಗಿಂತ ಕಡಿಮೆ ಉಳಿದಿರುವಂತೆ ಮಿಲೋಸ್ ಉಜಾನ್ ಬುಟ್ಟಿಯ ಬುಡದಿಂದ ಚೆಂಡು ಹಾಕಿದ. 62-60. ಆಮೇಲೆ ಟೆನ್ನೆಸಿ ವಿರುದ್ಧ 69-50. ಉಳಿದದ್ದು ನಾಲ್ಕು ತಂಡ: ಹ್ಯೂಸ್ಟನ್, ಡ್ಯೂಕ್, ಆಬರ್ನ್, ಫ್ಲೋರಿಡಾ. ನಾಲ್ಕೂ ತಮ್ಮ ತಮ್ಮ ಗುಂಪಿನ ಮೊದಲ ಶ್ರೇಯಾಂಕದವು. ಈ ಪಂದ್ಯಾವಳಿಯಲ್ಲಿ ಹೀಗಾದದ್ದು 2008ರ ನಂತರ ಎರಡನೇ ಸಲ ಮಾತ್ರ.

ಡ್ಯೂಕ್ ವಿರುದ್ಧದ ಸೆಮಿಫೈನಲ್ ನಮಗೆ ರಾಮನವಮಿಯ ಬೆಳಗ್ಗೆ. ಡ್ಯೂಕ್ ಎಂದರೆ ಶ್ರೀಮಂತರ ಮನೆ. ಅವರ ಕೂಪರ್ ಫ್ಲಾಗ್ 18ರ ಹುಡುಗ, ಅಲ್ಲಿಂದ ಸೀದಾ ಎನ್‌ಬಿಎಗೆ ಹೋಗುವವನು ಎಂದು ಎಲ್ಲರಿಗೂ ಗೊತ್ತಿತ್ತು, ಹಾಗೆಯೇ ಆಯಿತು. ಎರಡನೇ ಅರ್ಧದಲ್ಲಿ ಹ್ಯೂಸ್ಟನ್ 14 ಅಂಕ ಹಿಂದೆ ಬಿದ್ದಿತು. ಕೊನೆಯ ಅರ್ಧ ನಿಮಿಷದ ಹೊತ್ತಿಗೆ 61-67. ಅಲ್ಲಿಂದ ಒಂಬತ್ತು ಅಂಕ, ಎಲ್ಲವೂ ಹ್ಯೂಸ್ಟನ್ನಿನದೇ. ಇಮ್ಯಾನುಯೆಲ್ ಶಾರ್ಪ್ ಮೂರಂಕ ಹಾಕಿದ. ಡ್ಯೂಕ್ ಚೆಂಡನ್ನು ಒಳಗೆಸೆಯುವಾಗ ಹ್ಯೂಸ್ಟನ್ ಹುಡುಗರು ಕಸಿದರು, ಜೋಸೆಫ್ ಟಗ್ಲರ್ ಡಂಕ್ ಮಾಡಿದ. ಆರನೇ ವರ್ಷ ಅದೇ ಅಂಗಿ ತೊಟ್ಟು ಆಡುತ್ತಿದ್ದ ಜೆವಾನ್ ರಾಬರ್ಟ್ಸ್ ಎರಡು ಫ್ರೀ ಥ್ರೋ ಹಾಕಿ ಮುನ್ನಡೆ ತಂದ. ಎಲ್.ಜೆ. ಕ್ರೈಯರ್ ಇನ್ನೆರಡು. 70-67. ಮಗಳ ಫೋನ್ ಬಂತು. ಇಬ್ಬರಿಗೂ ಮಾತು ಹೊರಡಲಿಲ್ಲ, ಸುಮ್ಮನೆ ನಗುತ್ತಿದ್ದೆವು. ಆ ದಿನ ಪಾನಕಕ್ಕೆ ಬೆಲ್ಲ ಹೆಚ್ಚಾಗಿತ್ತೋ ಏನೋ, ನನಗೆ ಎಲ್ಲವೂ ಸಿಹಿಯಾಗಿತ್ತು.

ಫೈನಲ್ ಏಪ್ರಿಲ್ 8, ಮಂಗಳವಾರ ಬೆಳಗ್ಗೆ. ಸ್ಯಾನ್ ಆಂಟೋನಿಯೊದಲ್ಲಿ, ಫ್ಲೋರಿಡಾ ಎದುರು. ಹ್ಯೂಸ್ಟನ್ ಈವರೆಗೆ ಒಮ್ಮೆಯೂ ಚಾಂಪಿಯನ್ ಆಗಿಲ್ಲ. ನೈಜೀರಿಯಾದ ಲಾಗೋಸ್‌ನಿಂದ ಬಂದ ಹಕೀಮ್ ಒಲಾಜುವಾನ್ ಇದ್ದ ಕಾಲದಲ್ಲೂ 1983 ಮತ್ತು 1984ರ ಫೈನಲ್‌ಗಳಲ್ಲಿ ಸೋತಿತ್ತು. 1983ರದ್ದು ಕೊನೆಯ ಕ್ಷಣದಲ್ಲಿ, 54-52. ಈ ಸಲ ಎರಡನೇ ಅರ್ಧದ ಆರಂಭದಲ್ಲಿ 12 ಅಂಕ ಮುಂದಿತ್ತು. ಸೆಮಿಫೈನಲ್‌ನಲ್ಲಿ 34 ಅಂಕ ಹಾಕಿದ್ದ ಫ್ಲೋರಿಡಾದ ವಾಲ್ಟರ್ ಕ್ಲೇಟನ್‌ಗೆ ಮೊದಲ ಅರ್ಧದಲ್ಲಿ ಒಂದು ಅಂಕವೂ ಸಿಗದಂತೆ ಹುಡುಗರು ಕಟ್ಟಿಹಾಕಿದ್ದರು. ಇಡೀ ಪಂದ್ಯದಲ್ಲಿ ಫ್ಲೋರಿಡಾ ಮುಂದಿದ್ದದ್ದು ಸುಮಾರು ಒಂದು ನಿಮಿಷ ಮಾತ್ರ. ಆ ಒಂದು ನಿಮಿಷದಲ್ಲಿ ಕೊನೆಯ ಸೆಕೆಂಡುಗಳೂ ಸೇರಿದ್ದವು.

65-63. ಚೆಂಡು ಹ್ಯೂಸ್ಟನ್ ಕೈಯಲ್ಲಿ. ಶಾರ್ಪ್ ಮೂರಂಕಕ್ಕೆ ಜಿಗಿದ. ಕ್ಲೇಟನ್ ಎದುರಿಗೆ ಹಾರಿಬಂದ. ಎಸೆದರೆ ತಡೆಯುತ್ತಾನೆ, ಹಿಡಿದುಕೊಂಡು ನೆಲಕ್ಕಿಳಿದರೆ ಟ್ರಾವೆಲಿಂಗ್. ಶಾರ್ಪ್ ಗಾಳಿಯಲ್ಲೇ ಚೆಂಡನ್ನು ಕೈಬಿಟ್ಟ. ಅದು ನೆಲಕ್ಕೆ ಬಿದ್ದು ಪುಟಿಯಿತು. ನಿಯಮದ ಪ್ರಕಾರ ಅವನೇ ಮೊದಲು ಮುಟ್ಟುವಂತಿಲ್ಲ. ಕಣ್ಣೆದುರಿಗೇ ಚೆಂಡು, ಕೈ ಹಾಕುವ ಹಾಗಿಲ್ಲ. ಫ್ಲೋರಿಡಾದ ಅಲೆಕ್ಸ್ ಕಾಂಡನ್ ಅದರ ಮೇಲೆ ಮೈಚೆಲ್ಲಿ ಬಿದ್ದ. ಮುಗಿಯಿತು. ಯಾರ ಕೈಯಲ್ಲೂ ಇಲ್ಲದ ಚೆಂಡು ನಮ್ಮದೇ ಎಂದು ವರ್ಷವಿಡೀ ಅಭ್ಯಾಸ ಮಾಡಿದ ತಂಡ, ಅಂಥದೇ ಒಂದು ಚೆಂಡಿನಿಂದ ಸೋತಿತು. ಅಲ್ಲಿಗೆ 35 ಗೆಲುವು, 5 ಸೋಲು. ಐದೂ ಸೋಲುಗಳ ಅಂತರ ಕೂಡಿದರೆ 16 ಅಂಕ.

ಇಷ್ಟು ಹೇಳಿದ್ದು ಗೋಳು ತೋಡಿಕೊಳ್ಳಲಿಕ್ಕಲ್ಲ. ಋತು ಮುಗಿದ ಮೇಲೆ ಅಭಿಮಾನಿಗಳ ನಡುವೆ ಪ್ರತಿ ವರ್ಷ ಏಳುವ ಒಂದು ಜಗಳದ ಬಗ್ಗೆ ನನಗೊಂದು ಮಾತಿದೆ. ಮುಂಬೈ, ಪುಣೆ, ಚೆನ್ನೈಗಳಲ್ಲಿರುವ ನಮ್ಮಂಥವರೇ ಹೇಳಬೇಕಾದ ಮಾತು.

ಜಗಳ ಇದು. ಹಿಂದೆ ಕಾಲೇಜು ಆಟಗಾರನಿಗೆ ಶುಲ್ಕ, ವಸತಿ, ಊಟ ಸಿಗುತ್ತಿತ್ತು, ಸಂಬಳ ಇರಲಿಲ್ಲ. ಕೋಚ್ ಮಿಲಿಯಗಟ್ಟಲೆ ಡಾಲರ್ ಪಡೆಯುತ್ತಿದ್ದರೂ ಆಡುವ ಹುಡುಗ ತನ್ನ ಹೆಸರಿನಲ್ಲಿ ಒಂದು ಜಾಹೀರಾತಿಗೂ ಹಣ ತೆಗೆದುಕೊಳ್ಳುವಂತಿರಲಿಲ್ಲ. ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. ಕೋಚ್‌ಗೆ ಮಾತ್ರ ಆ ಕಟ್ಟು ಇರಲಿಲ್ಲ, ಇಂದು ಇಲ್ಲಿ ರಾಜೀನಾಮೆ ಕೊಟ್ಟು ನಾಳೆ ಇನ್ನೊಂದು ಕಡೆ ಸೇರಬಹುದಿತ್ತು. 2021ರಲ್ಲಿ ಎರಡೂ ಬದಲಾದವು. ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಹಣ ಗಳಿಸಬಹುದಾಯಿತು. ಒಮ್ಮೆ ಕಾಲೇಜು ಬದಲಿಸಿ ಕೂಡಲೇ ಆಡಬಹುದಾಯಿತು, ಆಮೇಲೆ ಎಷ್ಟು ಸಲ ಬೇಕಾದರೂ. 2025ರ ಜುಲೈ 1ರಿಂದ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಹಣ ಕೊಡಬಹುದಾಯಿತು. ಹೀಗಾಗಿ ಏಪ್ರಿಲ್ ಬಂದರೆ ನೂರಾರು ಹುಡುಗರು ಹೊಸ ತಂಡ ಹುಡುಕುತ್ತಾರೆ. ಹಳೆಯ ಅಭಿಮಾನಿಗಳು ಸಿಟ್ಟಾಗುತ್ತಾರೆ. ನಿಷ್ಠೆ ಸತ್ತಿತು, ಇವರೆಲ್ಲ ಕೂಲಿಯವರು, ನಮ್ಮ ಅಂಗಿಗೆ ಬೆಲೆಯಿಲ್ಲ ಎನ್ನುತ್ತಾರೆ.

ಈ ಮಾತು ಕೇಳಿದಾಗಲೆಲ್ಲ ನನಗೆ ನನ್ನ ದೊಡ್ಡಪ್ಪ ನೆನಪಾಗುತ್ತಾರೆ. ಕಾರ್ಕಳದ ಕಡೆಯಿಂದ ಹದಿಮೂರನೇ ವಯಸ್ಸಿಗೆ ಮುಂಬೈಗೆ ಬಂದವರು. ಫೋರ್ಟಿನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ. ಎರಡು ವರ್ಷದಲ್ಲಿ ಮಾಟುಂಗದ ಹೋಟೆಲಿಗೆ ಹೋದರು, ಅಲ್ಲಿ ಇಪ್ಪತ್ತು ರೂಪಾಯಿ ಹೆಚ್ಚು. ಅಲ್ಲಿಂದ ಮುಲುಂಡ್, ಆಮೇಲೆ ಪುಣೆ. ಒಂದೊಂದು ಕಡೆಯೂ ಒಂದೊಂದು ಕಲಿತರು, ದೋಸೆ ಕಾವಲಿ ಒಂದು ಕಡೆ, ಗಲ್ಲಾಪೆಟ್ಟಿಗೆ ಇನ್ನೊಂದು ಕಡೆ. ಊರಿನಲ್ಲಿ ಅವರನ್ನು ನಿಷ್ಠೆಯಿಲ್ಲದವನು ಎಂದು ಯಾರೂ ಅನ್ನಲಿಲ್ಲ. ಹುಷಾರಿ ಹುಡುಗ, ಮನೆಗೆ ಹಂಚು ಹಾಕಿಸಿದ ಎಂದರು. ಇದ್ದಷ್ಟು ದಿನ ಆ ಹೋಟೆಲಿನ ಮರ್ಯಾದೆ ತನ್ನದೇ ಎಂಬಂತೆ ದುಡಿದರೇ ಎಂಬುದಷ್ಟೇ ಪ್ರಶ್ನೆಯಾಗಿತ್ತು. ಅದಕ್ಕೆ ಉತ್ತರ ಎಲ್ಲರಿಗೂ ಗೊತ್ತಿತ್ತು.

ಆ ಫೈನಲ್ ಆಡಿದವರ ಊರುಗಳನ್ನು ನೋಡಿ. ಚಾಂಪಿಯನ್ ಆದ ಫ್ಲೋರಿಡಾದ ಕ್ಲೇಟನ್ ಅದೇ ರಾಜ್ಯದ ಲೇಕ್ ವೇಲ್ಸ್‌ನವನು. ಆದರೆ ಮೊದಲು ನ್ಯೂಯಾರ್ಕಿನ ಅಯೋನಾ ಎಂಬ ಸಣ್ಣ ಕಾಲೇಜಿನಲ್ಲಿ ಎರಡು ವರ್ಷ ಆಡಿ, ಆಮೇಲೆ ತನ್ನ ರಾಜ್ಯಕ್ಕೆ ಮರಳಿದವನು. ಫೈನಲ್‌ನಲ್ಲಿ ಫ್ಲೋರಿಡಾ ಪರ ಅತಿ ಹೆಚ್ಚು ಅಂಕ ಹಾಕಿ ತಂಡವನ್ನು ಉಳಿಸಿದ ವಿಲ್ ರಿಚರ್ಡ್ ಬೆಲ್ಮಾಂಟ್ ಕಾಲೇಜಿನಿಂದ ಬಂದವನು. ಮುನ್ನಡೆ ತಂದ ಎರಡು ಫ್ರೀ ಥ್ರೋ ಹಾಕಿದ ಅಲೈಜಾ ಮಾರ್ಟಿನ್ ಫ್ಲೋರಿಡಾ ಅಟ್ಲಾಂಟಿಕ್‌ನಿಂದ. ನೆಲಕ್ಕೆ ಬಿದ್ದ ಕಾಂಡನ್ ಆಸ್ಟ್ರೇಲಿಯಾದ ಪರ್ತ್‌ನವನು. ನಮ್ಮ ಕಡೆ ಕ್ರೈಯರ್ ಹ್ಯೂಸ್ಟನ್ ಪಕ್ಕದ ಕೇಟಿ ಊರಿನವನು, ಬೇಲರ್‌ನಲ್ಲಿ ಆಡಿ ಊರಿಗೆ ವಾಪಸಾದವನು. ಉಜಾನ್ ಓಕ್ಲಹೋಮಾದಿಂದ. ರಾಬರ್ಟ್ಸ್ ಕೆರಿಬಿಯನ್ ಸಮುದ್ರದ ವರ್ಜಿನ್ ದ್ವೀಪಗಳಲ್ಲಿ ಹುಟ್ಟಿದವನು. ಶಾರ್ಪ್ ಹುಟ್ಟಿದ್ದು ಇಸ್ರೇಲಿನಲ್ಲಿ. ಇವರಲ್ಲಿ ಯಾರ ಆಟದಲ್ಲಿ ನಿಷ್ಠೆ ಕಡಿಮೆಯಾಗಿತ್ತು? ಆರು ವರ್ಷ ಒಂದೇ ಕಡೆ ಇದ್ದ ರಾಬರ್ಟ್ಸ್, ಒಂದೇ ವರ್ಷದ ಹಿಂದೆ ಬಂದ ಉಜಾನ್, ಇಬ್ಬರ ಬೆವರೂ ಒಂದೇ ನೆಲದ ಮೇಲೆ ಬಿತ್ತು.

ನಮ್ಮ ಕಡೆಯ ಮಕ್ಕಳೂ ಈ ದಾರಿಯಲ್ಲಿ ನಡೆದಿದ್ದಾರೆ. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಸ್ಕಾಲರ್‌ಶಿಪ್ ಪಡೆದು ಆಡಿದರು. ವಿದ್ಯಾರ್ಥಿ ವೀಸಾದ ಮೇಲೆ ಹೋದವರಿಗೆ ಹೊಸ ನಿಯಮದ ಹಣ ಗಳಿಸುವುದು ಈಗಲೂ ಸುಲಭವಲ್ಲ. ಎಫ್-1 ವೀಸಾದ ಕಟ್ಟುಪಾಡು ಏನೆಂದು ಅಮೆರಿಕಕ್ಕೆ ಮಕ್ಕಳನ್ನು ಕಳಿಸಿದವರಿಗೆ ಹೇಳಿಕೊಡಬೇಕಾಗಿಲ್ಲ.

ಹಾಗೆಂದು ಎಲ್ಲವೂ ಸರಿಯಿದೆ ಎನ್ನಲಾರೆ. ಅಯೋನಾ, ಬೆಲ್ಮಾಂಟ್‌ನಂಥ ಸಣ್ಣ ಕಾಲೇಜುಗಳ ಅಭಿಮಾನಿಗಳ ಪಾಡು ಬೇರೆ. ಯಾರೂ ಗಮನಿಸದ ಹುಡುಗನನ್ನು ಅವರು ಹುಡುಕುತ್ತಾರೆ, ಆಟ ಕಲಿಸುತ್ತಾರೆ. ಅವನು ಚೆನ್ನಾಗಿ ಆಡತೊಡಗಿದ ವರ್ಷವೇ ದೊಡ್ಡ ಕಾಲೇಜು ಕರೆದುಕೊಂಡು ಹೋಗುತ್ತದೆ. ಕ್ಲೇಟನ್ ಗೆದ್ದ ದಿನ ಅಯೋನಾದ ಯಾವನೋ ಒಬ್ಬ ಹಳೆಯ ಅಭಿಮಾನಿ ಟಿವಿ ಮುಂದೆ ಕೂತು ಸಂತೋಷವೂ ಸಂಕಟವೂ ಒಟ್ಟಿಗೆ ಪಟ್ಟಿರಬೇಕು. ನಮ್ಮ ಕರಾವಳಿಯ ಹಳ್ಳಿಗಳನ್ನು ನೋಡಿದರೆ ಆ ಸಂಕಟ ಅರ್ಥವಾಗುತ್ತದೆ. ಕಲಿಸಿದ ಶಾಲೆ ಅಲ್ಲಿದೆ, ಕಲಿತವರು ಡೊಂಬಿವಲಿಯಲ್ಲಿದ್ದಾರೆ. ಮನೆಗಳಿಗೆ ಹಂಚಿನ ಬದಲು ತಾರಸಿ ಬಂದಿದೆ, ಒಳಗೆ ವಯಸ್ಸಾದವರಿಬ್ಬರು. ಹೋಗುವವನ ತಪ್ಪಲ್ಲ, ಉಳಿದವರ ನೋವು ಸುಳ್ಳಲ್ಲ. ಹೊಸ ಪದ್ಧತಿ ಹುಡುಗರಿಗೆ ನ್ಯಾಯ ಕೊಟ್ಟಿದೆ. ಕಳಿಸಿಕೊಟ್ಟ ಊರಿಗೆ ಏನು ಕೊಡಬೇಕೆಂದು ಇನ್ನೂ ಯೋಚಿಸಿಲ್ಲ. ನಾವೂ ಪೂರ್ತಿ ಯೋಚಿಸಿಲ್ಲ.

ಹಾಗಾದರೆ ವರ್ಷವರ್ಷ ಮುಖಗಳು ಬದಲಾಗುವ ತಂಡವನ್ನು ಹಿಂಬಾಲಿಸುವುದೆಂದರೆ ಏನನ್ನು ಹಿಂಬಾಲಿಸಿದ ಹಾಗೆ? ನನಗೆ ತೋರುವುದು ಇಷ್ಟು. ಮುಂಬೈಯ ನಮ್ಮ ಕನ್ನಡ ಸಂಘದಲ್ಲಿ ಮೂವತ್ತು ವರ್ಷದ ಹಿಂದೆ ನಾಟಕ ಆಡಿದವರು ಇಂದು ಇಲ್ಲ. ಕೆಲವರು ಊರಿಗೆ ಮರಳಿದರು, ಕೆಲವರು ತೀರಿಕೊಂಡರು. ಈಗ ಬಣ್ಣ ಹಚ್ಚುವವರು ಬೇರೆ ಹುಡುಗರು, ಬೇರೆ ಊರಿನವರು. ಆದರೂ ಪರದೆ ಏಳುವಾಗ ಅದು ನಮ್ಮ ಸಂಘವೇ. ಬಂದವರು ಬಂದಷ್ಟು ದಿನ ಮನಸ್ಸಿಟ್ಟು ಮಾಡಿದ್ದರಿಂದ ಹೆಸರು ಉಳಿದಿದೆ. ಹ್ಯೂಸ್ಟನ್ ಎಂಬ ಹೆಸರೂ ಹಾಗೇ ಉಳಿದಿದೆ.

ಕ್ರೈಯರ್, ರಾಬರ್ಟ್ಸ್, ವಿಲ್ಸನ್ ಅವರ ಕಾಲೇಜು ದಿನಗಳು ಮುಗಿದವು. 2025-26ರ ಋತುವಿಗೆ ಹೊಸ ಹುಡುಗರು ಬಂದರು, ಹೆಸರುಗಳನ್ನು ಬಾಯಿಪಾಠ ಮಾಡಿದೆ. ಟಗ್ಲರ್, ಉಜಾನ್ ಉಳಿದರು. ಶಾರ್ಪ್ ಕೂಡ. ಅವನ ತಂದೆ ಡೆರಿಕ್ ಶಾರ್ಪ್ ಅಮೆರಿಕದಿಂದ ಇಸ್ರೇಲಿಗೆ ಹೋಗಿ ಮಕಾಬಿ ಟೆಲ್ ಅವೀವ್ ತಂಡಕ್ಕೆ ಆಡಿದವರು. 2004ರಲ್ಲಿ ಲಿಥುವೇನಿಯಾದ ಜಾಲ್ಗಿರಿಸ್ ವಿರುದ್ಧ ಕೊನೆಯ ಕ್ಷಣದ ಮೂರಂಕದ ಹೊಡೆತದಿಂದ ಪಂದ್ಯ ಉಳಿಸಿ ಅಲ್ಲಿ ಮನೆಮಾತಾದವರು. ಆ ಅಪ್ಪನ ಮಗನಿಗೆ ಕೊನೆಯ ಕ್ಷಣದ ಚೆಂಡು ಕೈಯಿಂದ ಜಾರಿತು. ಈಗಿನ ನಿಯಮದಲ್ಲಿ ಅವನು ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಆ ಚೆಂಡಿನ ಮಾತನ್ನು ಯಾರೂ ಎತ್ತದ ಊರಿಗೂ ಹೋಗಬಹುದಿತ್ತು. ಹೋಗಲಿಲ್ಲ.

ಹೋಗಲು ಬಾಗಿಲು ತೆರೆದಿರುವಾಗ ಉಳಿದವನ ನಿಷ್ಠೆಗೆ ಹೆಚ್ಚು ಬೆಲೆ. ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅದು ನಿಷ್ಠೆಯೋ ಅನಿವಾರ್ಯವೋ ಹೇಳುವುದು ಕಷ್ಟವಿತ್ತು. 2025ರ ನವೆಂಬರಿನಲ್ಲಿ ಶಾರ್ಪ್ ಮತ್ತೆ ಅಂಗಳಕ್ಕಿಳಿದ. ಅವನ ಮೊದಲ ಮೂರಂಕದ ಹೊಡೆತ ಬಿದ್ದಾಗ ಮಗಳಿಗೆ ನಾನೇ ಮೊದಲು ಫೋನ್ ಮಾಡಬೇಕೆಂದಿದ್ದೆ.